ವಿಮಾನಪುರದ ಕಾರ್ಖಾನೆ: ಒಡಲು ನಮ್ಮದು, ಎಂಜಿನ್ ಯಾರದು?

ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯಿಂದ ಹಳೆಯ ವಿಮಾನ ನಿಲ್ದಾಣದ ಕಡೆಗೆ ಹೋಗುವ ದಾರಿಗೆ ಸುರಂಜನ್ ದಾಸ್ ರಸ್ತೆ ಎಂದು ಹೆಸರು. ದಿನವೂ ಸಾವಿರಾರು ಜನ ಆ ದಾರಿಯಲ್ಲಿ ಓಡಾಡುತ್ತಾರೆ. ಈ ಸುರಂಜನ್ ದಾಸ್ ಯಾರು ಎಂದು ಕೇಳಿದರೆ ಹೇಳಬಲ್ಲವರು ಕಡಿಮೆ. ಬಂಗಾಳದ ಯಾರೋ ರಾಜಕಾರಣಿ ಇರಬೇಕೆಂದು ಊಹಿಸಿದರೂ ಅಚ್ಚರಿಯಿಲ್ಲ. ಅವರು ವಾಯುಪಡೆಯ ಅಧಿಕಾರಿ, ಹೊಸ ವಿಮಾನಗಳನ್ನು ಮೊದಲು ಹಾರಿಸಿ ನೋಡುವ ಪರೀಕ್ಷಾರ್ಥ ಪೈಲಟ್. 1970ರ ಜನವರಿ 10ರಂದು ಬೆಂಗಳೂರಿನಲ್ಲಿ ‘ಮಾರುತ್’ ಎಂಬ ಯುದ್ಧವಿಮಾನವನ್ನು ಹಾರಿಸುವಾಗ ಅಪಘಾತಕ್ಕೀಡಾಗಿ ಮಡಿದರು. ಅಂದು ಅವರು ಪರೀಕ್ಷಿಸುತ್ತಿದ್ದುದು ಎಂಜಿನ್ನಿನ ಬಲ ಹೆಚ್ಚಿಸಲು ಮಾರ್ಪಡಿಸಿದ್ದ ಒಂದು ಮಾದರಿಯನ್ನು.

ಆ ವಿಮಾನವನ್ನು ರೂಪಿಸಿದ್ದು ಅಲ್ಲೇ ಸಮೀಪದ ವಿಮಾನಪುರದಲ್ಲಿರುವ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್. ಜನರ ಬಾಯಲ್ಲಿ ಎಚ್.ಎ.ಎಲ್. ಇಂದು ಇದು ನಾಸಿಕ್, ಕೋರಾಪುಟ್, ಹೈದರಾಬಾದ್, ಕಾನ್ಪುರ, ಲಖನೌ, ಕೋರ್ವಾ ಮುಂತಾದ ಕಡೆ ಕಾರ್ಖಾನೆಗಳಿರುವ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಕೆಲಸ ಕೊಟ್ಟಿರುವ ಸಾರ್ವಜನಿಕ ಉದ್ದಿಮೆ. 2023–24ರಲ್ಲಿ ಇದರ ವಹಿವಾಟು 30 ಸಾವಿರ ಕೋಟಿ ರೂಪಾಯಿ ದಾಟಿತು. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದಕ್ಕೆ ‘ಮಹಾರತ್ನ’ ಸ್ಥಾನ ಕೊಟ್ಟಿತು. ಆದರೆ ಅಂಕಿ ಅಂಶಗಳಿಗಿಂತ ಈ ಕಾರ್ಖಾನೆಯ ಕಥೆ ಸ್ವಾರಸ್ಯವಾದದ್ದು.

ಕಥೆ ಶುರುವಾಗುವುದು ಗುಜರಾತಿ ಮೂಲದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಂದ. 1939ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ ಅವರಿಗೆ ವಿಲಿಯಂ ಪಾವ್ಲಿ ಎಂಬ ಅಮೆರಿಕನ್ನನ ಪರಿಚಯವಾಯಿತು. ಪಾವ್ಲಿ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವನು. ಭಾರತದಲ್ಲೂ ಅಂಥದೊಂದು ಏಕಾಗಬಾರದು ಎಂಬ ಯೋಚನೆ ವಾಲ್‌ಚಂದರಿಗೆ ಹೊಳೆಯಿತು. ಜಾಗ ಹುಡುಕುತ್ತಿದ್ದ ಅವರಿಗೆ ಕೈ ಚಾಚಿದ್ದು ಮೈಸೂರು ಸಂಸ್ಥಾನ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ 700 ಎಕರೆ ಭೂಮಿಯನ್ನು ಪುಕ್ಕಟೆಯಾಗಿ ಕೊಡಿಸಿದ್ದಲ್ಲದೆ ಸಂಸ್ಥಾನದ ಬೊಕ್ಕಸದಿಂದ 25 ಲಕ್ಷ ರೂಪಾಯಿ ಬಂಡವಾಳವನ್ನೂ ಹೂಡಿಸಿದರು. 1940ರ ಡಿಸೆಂಬರ್ 23ರಂದು ‘ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್’ ನೋಂದಣಿಯಾಯಿತು. ಶಿವನಸಮುದ್ರದ ವಿದ್ಯುತ್ತು, ತಂಪು ಹವೆ, ಕೈಗೆಟುಕುವಷ್ಟು ದೂರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಇವೆಲ್ಲ ಬೆಂಗಳೂರಿಗೆ ಅನುಕೂಲವಾಗಿದ್ದವು. ವರ್ಷ ತುಂಬುವ ಮೊದಲೇ, 1941ರಲ್ಲಿ, ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. ಯುದ್ಧದ ಕಾಲ, 1942ರಲ್ಲಿ ಸರ್ಕಾರವೇ ಆಡಳಿತ ವಹಿಸಿಕೊಂಡಿತು. ಮುಂದೆ ಅಮೆರಿಕದ ಸೇನೆ ತನ್ನ ವಿಮಾನಗಳ ದುರಸ್ತಿಗೆ ಈ ಕಾರ್ಖಾನೆಯನ್ನು ಬಳಸಿಕೊಂಡಿತು.

ಯುದ್ಧ ಮುಗಿದಾಗ ಕೆಲಸವೂ ಮುಗಿದಂತಾಯಿತು. ಆಗ ಇಲ್ಲಿ ರೈಲು ಬೋಗಿಗಳು ತಯಾರಾದವು. ಆ ವಿಭಾಗವೇ 1964ರ ನಂತರ ಬೇರೆಯಾಗಿ ಇಂದಿನ ಬಿ.ಇ.ಎಂ.ಎಲ್. ಆಯಿತು. ಇನ್ನೊಂದು ಕೆಲಸವಂತೂ ಕೇಳಿದರೆ ನಂಬುವುದು ಕಷ್ಟ. ಅಮೆರಿಕನ್ನರು ಕಾನ್ಪುರದಲ್ಲಿ ‘ಲಿಬರೇಟರ್’ ಎಂಬ ನಾಲ್ಕು ಎಂಜಿನ್ನಿನ ದೊಡ್ಡ ಬಾಂಬರುಗಳನ್ನು ಯಾರೂ ಮತ್ತೆ ಹಾರಿಸದಂತೆ ಕೆಡಿಸಿ ಬಿಟ್ಟು ಹೋಗಿದ್ದರು. ಎಚ್.ಎ.ಎಲ್.ನವರು ಆ ಗುಜರಿಯನ್ನು ಹಾರಲು ಸಾಕಾಗುವಷ್ಟು ಸರಿಪಡಿಸಿದರು. ಕಂಪನಿಯ ಪೈಲಟ್ ಜಮ್‌ಶೆಡ್ ಮುನ್ಶಿ ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಹೀಗೆ ನಲವತ್ತಕ್ಕೂ ಹೆಚ್ಚು ವಿಮಾನಗಳು ಮರುಜನ್ಮ ಪಡೆದು 1968ರವರೆಗೆ ವಾಯುಪಡೆಯಲ್ಲಿ ದುಡಿದವು.

ದುರಸ್ತಿ ಒಂದು, ಹೊಸದನ್ನು ರೂಪಿಸುವುದು ಇನ್ನೊಂದು. ಆ ಹೆಜ್ಜೆ ಇಟ್ಟವರು ಡಾ. ವಿಷ್ಣು ಮಾಧವ ಘಾಟಗೆ. ಜರ್ಮನಿಯಲ್ಲಿ ಓದಿ ಬಂದ ಅವರು ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ಶುರುವಾದ ವೈಮಾನಿಕ ಎಂಜಿನಿಯರಿಂಗ್ ವಿಭಾಗದ ಮೊದಲ ದಿನಗಳ ಅಧ್ಯಾಪಕರೂ ಹೌದು. ಅವರ ತಂಡ ವಿನ್ಯಾಸಗೊಳಿಸಿದ ಎಚ್.ಟಿ.-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು. ನಮ್ಮ ಪೈಲಟ್‌ಗಳ ಎಷ್ಟೋ ತಂಡಗಳು ಅದರಲ್ಲೇ ಹಾರಾಟ ಕಲಿತವು. ಘಾನಾ ದೇಶಕ್ಕೂ ಅದು ಹೋಯಿತು. ಅದರ ಎಂಜಿನ್ ಮಾತ್ರ ಬ್ರಿಟನ್ನಿನಿಂದ ಬಂದ ‘ಸಿರಸ್ ಮೇಜರ್’. ಹೊಸ ದೇಶ, ಮೊದಲ ಪ್ರಯತ್ನ. ಅದನ್ನು ಯಾರೂ ಕೊರತೆಯೆಂದು ಎಣಿಸುವಂತಿರಲಿಲ್ಲ.

ಕೊರತೆ ಎದ್ದು ಕಂಡದ್ದು ಮಾರುತ್‌ನಲ್ಲಿ. ಎರಡನೇ ಮಹಾಯುದ್ಧದ ಹೆಸರಾಂತ ಫೊಕೆ-ವುಲ್ಫ್ 190 ವಿಮಾನದ ವಿನ್ಯಾಸಕಾರ, ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ತಮ್ಮ ತಂಡದೊಂದಿಗೆ ಬೆಂಗಳೂರಿಗೆ ಬಂದರು. ಮೊದಲು ಮರದಲ್ಲಿ ಅದೇ ಅಳತೆಯ ಗ್ಲೈಡರ್ ಮಾಡಿ, 1959ರಲ್ಲಿ ಇನ್ನೊಂದು ವಿಮಾನದಿಂದ ಎಳೆಸಿ ಹಾರಿಸಿ ಪರೀಕ್ಷಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ನಿಜವಾದ ಮಾರುತ್ ಅನ್ನು ಮೊದಲ ಬಾರಿಗೆ ಹಾರಿಸಿದರು. ಶಬ್ದದ ಎರಡು ಪಟ್ಟು ವೇಗದ ಗುರಿಯಿಟ್ಟು ರೂಪಿಸಿದ ಒಡಲು ಅದು. ಅದಕ್ಕೆ ತಕ್ಕ ಎಂಜಿನ್ನನ್ನು ಅಭಿವೃದ್ಧಿಪಡಿಸಲು ಬ್ರಿಟಿಷ್ ಕಂಪನಿ ಕೇಳಿದ ಹಣವನ್ನು ಕೊಡಲು ದೆಹಲಿ ಒಪ್ಪಲಿಲ್ಲ. ಕೊನೆಗೆ ಪರವಾನಗಿ ಪಡೆದು ಬೆಂಗಳೂರಿನಲ್ಲೇ ತಯಾರಿಸುತ್ತಿದ್ದ, ಕಡಿಮೆ ಬಲದ ಆರ್ಫಿಯಸ್ ಎಂಜಿನ್ನುಗಳನ್ನು ಕೂರಿಸಬೇಕಾಯಿತು. ಈಜಿಪ್ಟ್ ಅಭಿವೃದ್ಧಿಪಡಿಸುತ್ತಿದ್ದ ಎಂಜಿನ್ನನ್ನೂ ಪ್ರಯೋಗಿಸಿ ನೋಡಿದರು, ಕೈಗೂಡಲಿಲ್ಲ. ಮಾರುತ್ 1971ರ ಯುದ್ಧದಲ್ಲಿ ಗಡಿಯಾಚೆಯ ಗುರಿಗಳ ಮೇಲೆ ದಾಳಿ ನಡೆಸಿ ಒಳ್ಳೆಯ ಹೆಸರನ್ನೇ ಪಡೆಯಿತು. ಆದರೆ 147 ತಯಾರಾದ ಮೇಲೆ ನಿಂತುಹೋಯಿತು.

ಅಷ್ಟರಲ್ಲಿ ಮಿಗ್-21 ಬಂದಿತ್ತು. ಅದಕ್ಕೆಂದೇ ಸ್ಥಾಪಿಸಿದ್ದ ಕಂಪನಿಯನ್ನು 1964ರ ಅಕ್ಟೋಬರ್ 1ರಂದು ಬೆಂಗಳೂರಿನ ಕಾರ್ಖಾನೆಯೊಂದಿಗೆ ಸೇರಿಸಿದಾಗ ಈಗಿನ ಹೆಸರು ಬಂತು. ಮುಂದಿನ ದಶಕಗಳಲ್ಲಿ ಹೆಚ್ಚಿನ ದುಡಿಮೆ ಪರವಾನಗಿಯದು: ಮಿಗ್, ಜಾಗ್ವಾರ್, ಚೇತಕ್, ಚೀತಾ, ಸುಖೋಯ್-30. ಬೇರೆಯವರ ನಕ್ಷೆಯಂತೆ ಕಟ್ಟುವುದು ಸುಲಭವೆಂದು ಭಾವಿಸಬಾರದು. ಪ್ರತಿಯೊಂದು ರಿವೆಟ್ಟಿಗೂ ಲೆಕ್ಕವಿರಬೇಕು. ಪಾಳಿ ಮುಗಿಯುವಾಗ ಒಂದು ಸ್ಪ್ಯಾನರ್ ಕಡಿಮೆಯಾದರೂ ಅದು ಸಿಗುವವರೆಗೆ ಆ ವಿಮಾನ ಮುಂದೆ ಹೋಗುವಂತಿಲ್ಲ. ಆದರೆ ನಕ್ಷೆಯಲ್ಲಿ ಒಂದು ಅಳತೆ ಹಾಗೇಕಿದೆ ಎಂಬುದನ್ನು ಪರವಾನಗಿ ಕೊಟ್ಟವನು ಹೇಳಿಕೊಡುವುದಿಲ್ಲ. ಅದನ್ನು ಸ್ವತಃ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿಯಬೇಕು. 1992ರ ಆಗಸ್ಟ್ 20ರಂದು ಮೊದಲ ಬಾರಿಗೆ ಹಾರಿದ ಧ್ರುವ ಹೆಲಿಕಾಪ್ಟರ್ ಹಾಗೆ ಕಲಿತದ್ದರ ಫಲ. 2022ರಲ್ಲಿ ವಾಯುಪಡೆ ಸೇರಿದ ‘ಪ್ರಚಂಡ’ ಅದರದೇ ಮುಂದುವರಿಕೆ.

ಎಂಜಿನ್ನಿನಲ್ಲಿ ಅಂಥ ಕಷ್ಟವೇನಿದೆ? ಜೆಟ್ ಎಂಜಿನ್ನಿನ ತತ್ತ್ವ ಪಿ.ಯು.ಸಿ. ವಿದ್ಯಾರ್ಥಿಗೂ ಅರ್ಥವಾಗುವಂಥದು. ಮುಂದಿನಿಂದ ಗಾಳಿ ಎಳೆದು, ಒತ್ತಿ, ಇಂಧನ ಸೇರಿಸಿ ಉರಿಸಿದರೆ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ, ವಿಮಾನ ಮುಂದಕ್ಕೆ ಸಾಗುತ್ತದೆ. ಹೋಗುವ ದಾರಿಯಲ್ಲಿ ಆ ಅನಿಲ ಟರ್ಬೈನಿನ ಅಲಗುಗಳನ್ನು ತಿರುಗಿಸುತ್ತದೆ. ತೊಡಕು ಇರುವುದು ಅಲ್ಲೇ. ಇಂದಿನ ಯುದ್ಧವಿಮಾನದ ಎಂಜಿನ್ನಿನಲ್ಲಿ ಅನಿಲದ ಬಿಸಿ 1500 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಅಲಗು ಮಾಡುವ ನಿಕ್ಕಲ್ ಮಿಶ್ರಲೋಹ ಅದಕ್ಕಿಂತ ಮೊದಲೇ ಕರಗುವಂಥದು. ಬೆಣ್ಣೆಯ ಸೌಟಿನಿಂದ ಕುದಿಯುವ ಸಾರು ಕಲಕಿದ ಹಾಗೆ! ಆದ್ದರಿಂದ ಅಲಗಿನ ಒಳಗೆ ಸೂಕ್ಷ್ಮ ಕೊಳವೆಗಳನ್ನು ಕೊರೆದು ತಂಪು ಗಾಳಿ ಹರಿಸುತ್ತಾರೆ, ಮೇಲೆ ಶಾಖ ತಡೆಯುವ ಲೇಪ ಹಚ್ಚುತ್ತಾರೆ. ಇಡೀ ಅಲಗನ್ನು ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ, ಏಕೆಂದರೆ ಹರಳು ಹರಳು ಸೇರುವ ಗೆರೆಯಲ್ಲೇ ಲೋಹ ಮೊದಲು ಸೋಲುವುದು. ಈ ವಿದ್ಯೆ ಗೊತ್ತಿರುವ ದೇಶಗಳು ಬೆರಳೆಣಿಕೆಯಷ್ಟು. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ 2021ರಲ್ಲಿ ಹೆಲಿಕಾಪ್ಟರ್ ಎಂಜಿನ್ನಿಗಾಗಿ ಇಂಥ 60 ಅಲಗುಗಳನ್ನು ಎಚ್.ಎ.ಎಲ್.ಗೆ ಒದಗಿಸಿತು.

ತೇಜಸ್ ಹಗುರ ಯುದ್ಧವಿಮಾನದ್ದೂ ಮಾರುತ್‌ನ ಕಥೆಯೇ. ಅದಕ್ಕಾಗಿ ಬೆಂಗಳೂರಿನ ಜಿ.ಟಿ.ಆರ್.ಇ. ಸಂಸ್ಥೆ 1989ರಲ್ಲಿ ‘ಕಾವೇರಿ’ ಎಂಜಿನ್ನಿನ ಕೆಲಸ ಕೈಗೊಂಡಿತು. ನಿರೀಕ್ಷಿಸಿದಷ್ಟು ಬಲ ಬರಲಿಲ್ಲ. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಿದರು. 2001ರ ಜನವರಿ 4ರಂದು ತೇಜಸ್ ಮೊದಲು ಹಾರಿದ್ದೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಎಂಜಿನ್ನಿನಿಂದಲೇ. 2021ರ ಫೆಬ್ರುವರಿಯಲ್ಲಿ ಸುಧಾರಿತ ಮಾದರಿಯ 83 ವಿಮಾನಗಳಿಗೆ ಸುಮಾರು 48 ಸಾವಿರ ಕೋಟಿ ರೂಪಾಯಿಯ ಒಪ್ಪಂದವಾಯಿತು. ಅದಕ್ಕೆ ಬೇಕಾದ ಎಂಜಿನ್ನುಗಳಲ್ಲಿ ಮೊದಲನೆಯದು ಅಮೆರಿಕದಿಂದ ಬಂದದ್ದು 2025ರ ಮಾರ್ಚಿನಲ್ಲಿ. ಒಡಲು ಸಿದ್ಧವಾದ ವಿಮಾನಗಳು ಎಂಜಿನ್ನಿಗಾಗಿ ಕಾದು ನಿಂತವು. ಹಾಗೆಂದು ತಡಕ್ಕೆಲ್ಲ ಎಂಜಿನ್ನನ್ನೇ ದೂರುವುದೂ ಸರಿಯಲ್ಲ. ಕಾರ್ಖಾನೆಯ ನಿಧಾನದ ಬಗ್ಗೆ ವಾಯುಪಡೆಯ ಮುಖ್ಯಸ್ಥರೇ 2025ರ ಫೆಬ್ರುವರಿಯ ವೈಮಾನಿಕ ಪ್ರದರ್ಶನದಲ್ಲಿ ಬಹಿರಂಗವಾಗಿ ಬೇಸರ ತೋಡಿಕೊಂಡರು. ಅದೇ ವರ್ಷದ ಸೆಪ್ಟೆಂಬರ್ 26ರಂದು ಮಿಗ್-21 ನಿವೃತ್ತಿಯಾಯಿತು. ಅದರ ಹಿಂದಿನ ದಿನವಷ್ಟೇ ಇನ್ನೂ 97 ತೇಜಸ್‌ಗಳಿಗೆ ಒಪ್ಪಂದವಾಗಿತ್ತು.

ಇನ್ನು ಈ ಕಾರ್ಖಾನೆಯೊಳಗೆ ಕಾಲಿಡುವ ಬಗೆ. ಎಂಜಿನಿಯರಿಂಗ್ ಪದವಿಯೊಂದೇ ಬಾಗಿಲೆಂದು ಎಷ್ಟೋ ತಂದೆ ತಾಯಿಗಳು ತಿಳಿದಿದ್ದಾರೆ. ಎಸ್.ಎಸ್.ಎಲ್.ಸಿ. ನಂತರ ಐ.ಟಿ.ಐ.ನಲ್ಲಿ ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ಕಸುಬು ಕಲಿತವರನ್ನು, ಡಿಪ್ಲೊಮಾ ಮುಗಿಸಿದವರನ್ನು ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳುತ್ತಾರೆ. ತರಬೇತಿಯ ಅವಧಿಯಲ್ಲಿ ಸ್ಟೈಪೆಂಡ್ ಉಂಟು. ಒಂದು ಮಾತು ಮೊದಲೇ ತಿಳಿದಿರುವುದು ಒಳ್ಳೆಯದು: ಅಪ್ರೆಂಟಿಸ್ ಮುಗಿಸಿದ ಮಾತ್ರಕ್ಕೆ ಅಲ್ಲೇ ಕೆಲಸ ಕೊಡಬೇಕೆಂಬ ಕಡ್ಡಾಯ ಕಾನೂನಿನಲ್ಲಿಲ್ಲ. ಆದರೆ ಆ ಅನುಭವ ಬೇರೆ ಕಡೆ ಕೆಲಸ ಹುಡುಕುವಾಗ ನೆರವಾಗುತ್ತದೆ. ಎಂಜಿನ್ ವಿಭಾಗದತ್ತ ಮನಸ್ಸಿರುವವರು ಮೆಕ್ಯಾನಿಕಲ್, ಏರೋನಾಟಿಕಲ್ ಮಾತ್ರವಲ್ಲ, ಮೆಟಲರ್ಜಿಯನ್ನೂ ನೋಡಬಹುದು. ಅಲಗಿನ ಕಷ್ಟ ಅರ್ಥಮಾಡಿಕೊಂಡವರಿಗೆ ಇದೇಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಷ್ಟೇ ಅಲ್ಲ, ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲೂ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಗಿದೆ.

ಮಕ್ಕಳಿಗೆ ಇದನ್ನೆಲ್ಲ ಕಣ್ಣಾರೆ ತೋರಿಸಬೇಕೆನ್ನುವವರು ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ 2001ರಲ್ಲಿ ಆರಂಭವಾದ ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಅಲ್ಲಿ ಮಾರುತ್ ಇದೆ. ಎಂಜಿನ್ನುಗಳನ್ನೂ ಇಟ್ಟಿದ್ದಾರೆ, ವಿಮಾನಗಳ ಮುಂದೆ ಫೋಟೊ ತೆಗೆಸಿಕೊಂಡ ಮೇಲೆ ಅಲ್ಲಿಯೂ ಸ್ವಲ್ಪ ಹೊತ್ತು ನಿಲ್ಲಬಹುದು.