ಸರ್ವರ್ ರೀಬೂಟ್ ಆದ ಮೇಲೆ ಫೈಲ್‌ಗಳು ಮಾಯ: ಹುಡುಕೋದು ಎಲ್ಲಿಂದ?

ಸ್ಕಾಲರ್‌ಶಿಪ್ ಅರ್ಜಿ ಸ್ವೀಕರಿಸುವ ಒಂದು ವೆಬ್‌ಸೈಟ್ ಇದೆ ಎಂದಿಟ್ಟುಕೊಳ್ಳಿ. ನೂರಾರು ವಿದ್ಯಾರ್ಥಿಗಳು ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಅಪ್‌ಲೋಡ್ ಮಾಡಿದ್ದಾರೆ. ರಾತ್ರಿ ಸರ್ವರ್ ರೀಬೂಟ್ ಆಯ್ತು. ಬೆಳಗ್ಗೆ ನೋಡಿದರೆ ಡೇಟಾಬೇಸ್‌ನಲ್ಲಿ ಹೆಸರು, ಫೋನ್ ನಂಬರ್ ಎಲ್ಲ ಇದೆ, ದಾಖಲೆಗಳ ಫೈಲ್ ಮಾತ್ರ ಒಂದೂ ಇಲ್ಲ. ತಕ್ಷಣ 'ಹ್ಯಾಕ್ ಆಗಿದೆ' ಅನ್ನೋ ಮಾತು ಶುರುವಾಗುತ್ತೆ. ಆದರೆ ಹೆಚ್ಚಾಗಿ ಕಾರಣ ಬೇರೆಯೇ ಇರುತ್ತದೆ: ಆ ಫೈಲ್‌ಗಳನ್ನು ಇಟ್ಟಿದ್ದ ಜಾಗ.

ಮೊದಲು ಮಾಡಬೇಕಾದ ಕೆಲಸ, ಅಪ್‌ಲೋಡ್ ನಿಲ್ಲಿಸುವುದು. 'ಎಲ್ಲರೂ ಇನ್ನೊಮ್ಮೆ ಕಳಿಸಿ' ಎಂದು ಆಗಲೇ ಮೆಸೇಜ್ ಹಾಕಬೇಡಿ. ಯಾಕೆ ಅಂತ ಮುಂದೆ ಓದಿ.

1. ಡಿಸ್ಕ್ ಮೌಂಟ್ ಆಗಿದೆಯೇ?

ಲಿನಕ್ಸ್‌ನಲ್ಲಿ ಎರಡನೇ ಡಿಸ್ಕನ್ನು ಯಾವುದಾದರೊಂದು ಫೋಲ್ಡರ್‌ಗೆ ಜೋಡಿಸುತ್ತಾರೆ. ಇದಕ್ಕೆ ಮೌಂಟ್ ಎನ್ನುತ್ತಾರೆ. ಕೈಯಿಂದ ಕಮಾಂಡ್ ಕೊಟ್ಟು ಮಾಡಿದ ಮೌಂಟ್ ರೀಬೂಟ್ ತನಕ ಮಾತ್ರ. ಕಾಯಂ ಆಗಬೇಕಾದರೆ 'ಎಫ್‌ಎಸ್‌ಟ್ಯಾಬ್' ಎಂಬ ಫೈಲ್‌ನಲ್ಲಿ ಅದರ ಸಾಲು ಇರಬೇಕು. ಇಲ್ಲದಿದ್ದರೆ ರೀಬೂಟ್ ಆದ ಮೇಲೆ ಕಾಣೋದು ಬರೀ ಖಾಲಿ ಫೋಲ್ಡರ್. ನಿಮ್ಮ ಫೈಲ್‌ಗಳು ಆ ಡಿಸ್ಕ್‌ನಲ್ಲಿ ಭದ್ರವಾಗಿಯೇ ಇರುತ್ತವೆ.

'ಎಲ್‌ಎಸ್‌ಬಿಎಲ್‌ಕೆ' ಕಮಾಂಡ್ ಕೊಟ್ಟು ನೋಡಿ. ಡಿಸ್ಕ್ ಹೆಸರಿದ್ದು, ಪಕ್ಕದಲ್ಲಿ ಫೋಲ್ಡರ್ ಹೆಸರು ಇಲ್ಲದಿದ್ದರೆ ಕಾರಣ ಸಿಕ್ಕಿತು ಅಂತಲೇ ಲೆಕ್ಕ. ಎಫ್‌ಎಸ್‌ಟ್ಯಾಬ್‌ನಲ್ಲಿ ಸಾಲು ಸೇರಿಸುವಾಗ 'ಎಸ್‌ಡಿಬಿ'ಯಂಥ ಹೆಸರು ಬೇಡ, ಅದು ಮುಂದಿನ ಬೂಟ್‌ನಲ್ಲಿ ಬದಲಾಗಬಹುದು. ಡಿಸ್ಕ್‌ನ ಯುಯುಐಡಿ ಬಳಸಿ. ತಪ್ಪು ಸಾಲಿದ್ದರೆ ಸರ್ವರ್ ಬೂಟ್ ಆಗದೇ ನಿಲ್ಲುವ ಅಪಾಯವಿದೆ. ಹಾಗಾಗಿ ರೀಬೂಟ್‌ಗೆ ಮುಂಚೆ 'ಮೌಂಟ್ -ಎ' ಕೊಟ್ಟು ಪರೀಕ್ಷಿಸಿ.

ಅಪ್‌ಲೋಡ್ ನಿಲ್ಲಿಸಿ ಎಂದದ್ದು ಇದಕ್ಕೇ. ಡಿಸ್ಕ್ ಇಲ್ಲದ ಹೊತ್ತಲ್ಲಿ ಬಂದ ಫೈಲ್‌ಗಳು ಖಾಲಿ ಫೋಲ್ಡರ್‌ನೊಳಗೆ ಕೂರುತ್ತವೆ. ಆಮೇಲೆ ಡಿಸ್ಕ್ ಮೌಂಟ್ ಮಾಡಿದರೆ ಅವು ಅದರ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಹಾಗೇನಾದರೂ ಆಗಿದ್ದರೆ ಆ್ಯಪ್ ನಿಲ್ಲಿಸಿ, ಡಿಸ್ಕ್ ಅನ್‌ಮೌಂಟ್ ಮಾಡಿ ನೋಡಿ. ಅಡಿಯಲ್ಲಿದ್ದದ್ದು ಕಾಣಿಸುತ್ತದೆ.

2. ಟೆಂಪ್ ಫೋಲ್ಡರ್‌ನಲ್ಲಿ ಇಟ್ಟಿದ್ದರೇ?

'/ಟಿಎಂಪಿ' ತಾತ್ಕಾಲಿಕ ಜಾಗ. ಫೆಡೋರಾದಲ್ಲಿ 2013ರ 18ನೇ ಆವೃತ್ತಿಯಿಂದ, ಡೆಬಿಯನ್‌ನಲ್ಲಿ 2025ರ 13ನೇ ಆವೃತ್ತಿಯಿಂದ ಈ ಫೋಲ್ಡರ್ ಸಾಮಾನ್ಯವಾಗಿ ರ‍್ಯಾಮ್‌ನಲ್ಲೇ ಇರುತ್ತದೆ. ರೀಬೂಟ್ ಆದರೆ ಅಳಿಸಿಹೋಯ್ತು, ಮತ್ತೆ ಸಿಗೋದಿಲ್ಲ. ರೀಬೂಟ್ ಆಗದಿದ್ದರೂ ಹಲವು ಸರ್ವರ್‌ಗಳಲ್ಲಿ 10 ದಿನ ಮುಟ್ಟದ ಫೈಲ್‌ಗಳನ್ನು ಅಲ್ಲಿಂದ ತಾನಾಗಿಯೇ ತೆಗೆಯುತ್ತದೆ.

3. ಡಾಕರ್ ಕಂಟೇನರ್

ಕಂಟೇನರ್ ಬರೀ ರೀಸ್ಟಾರ್ಟ್ ಆದರೆ ಫೈಲ್ ಉಳಿಯುತ್ತೆ. ಹಳೆಯದನ್ನು ತೆಗೆದು ಹೊಸದು ಶುರುವಾದರೆ ಒಳಗಿದ್ದದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ಬೂಟ್ ಆಗುವಾಗ ಓಡುವ ಸ್ಕ್ರಿಪ್ಟ್ ಯಾವುದನ್ನು ಮಾಡುತ್ತಿದೆ ನೋಡಿ. ಅಪ್‌ಲೋಡ್ ಫೋಲ್ಡರ್‌ಗೆ ಪ್ರತ್ಯೇಕ ವಾಲ್ಯೂಮ್ ಇರಲೇಬೇಕು.

4. ಕ್ಲೌಡ್ ಸರ್ವರ್

ಅಮೆಜಾನ್ ಇಸಿ2ದ 'ಇನ್‌ಸ್ಟೆನ್ಸ್ ಸ್ಟೋರ್' ಡಿಸ್ಕ್‌ನಲ್ಲಿರುವ ಫೈಲ್‌ಗಳು ರೀಬೂಟ್‌ಗೆ ಉಳಿಯುತ್ತವೆ, ಆದರೆ ಸರ್ವರ್ ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿದರೆ ಹೋಗುತ್ತವೆ. ಈ ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಹೆರೋಕುವಿನಲ್ಲಂತೂ ಆ್ಯಪ್ ದಿನಕ್ಕೊಮ್ಮೆಯಾದರೂ ರೀಸ್ಟಾರ್ಟ್ ಆಗುತ್ತದೆ, ಅಲ್ಲೇ ಉಳಿಸಿದ ಫೈಲ್‌ಗಳೂ ಆಗಲೇ ಹೋಗುತ್ತವೆ. ಇಂಥ ಕಡೆ ದಾಖಲೆಗಳನ್ನು ಎಸ್3ಯಂಥ ಪ್ರತ್ಯೇಕ ಸ್ಟೋರೇಜ್‌ಗೇ ಕಳಿಸಬೇಕು.

ಯುವಕರು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುವ ಸಂಘ-ಸಂಸ್ಥೆಗಳ ವೆಬ್‌ಸೈಟ್‌ಗಳು ಎಷ್ಟೋ ಇವೆ. ಅರ್ಜಿ ಕರೆಯುವ ಮುನ್ನ ಹತ್ತು ನಿಮಿಷ ಕೊಟ್ಟು ಒಂದು ಪರೀಕ್ಷೆ ಮಾಡಿ: ಒಂದು ಫೈಲ್ ಅಪ್‌ಲೋಡ್ ಮಾಡಿ, ಸರ್ವರ್ ರೀಬೂಟ್ ಮಾಡಿ, ಅದೇ ಫೈಲ್ ತೆರೆದು ನೋಡಿ. ಜೊತೆಗೆ ಬೇರೆ ಜಾಗದಲ್ಲಿ ಪ್ರತಿದಿನದ ಬ್ಯಾಕಪ್ ಇರಲಿ. ತಹಶೀಲ್ದಾರ್ ಕಚೇರಿಗೆ ಅಲೆದು ಪ್ರಮಾಣಪತ್ರ ತಂದ ಹುಡುಗಿಗೆ 'ಮತ್ತೊಮ್ಮೆ ಕಳಿಸಮ್ಮ' ಎಂದು ಹೇಳುವ ಪರಿಸ್ಥಿತಿ ಬಾರದಿರಲಿ.