ರಸ ಸಾಕೋ, ತಿರುಳೂ ಬೇಕೋ?

ಜ್ಯೂಸರ್ ಕೊಳ್ಳಲು ಅಂಗಡಿಗೆ ಹೋದವರ ಕಣ್ಣು ಮೊದಲು ಬೀಳುವುದು ಮೋಟಾರಿನ ವಾಟ್ ಮತ್ತು ಬೆಲೆಯ ಮೇಲೆ. ಅದಕ್ಕೂ ಮುಂಚೆ ತೀರ್ಮಾನವಾಗಬೇಕಾದ ಸಂಗತಿ ಬೇರೆ: ಲೋಟದಲ್ಲಿ ಬೇಕಿರುವುದು ಬರೀ ರಸವೋ, ತಿರುಳು ಸಮೇತವೋ?

ಬ್ಲೆಂಡರ್ ಏನನ್ನೂ ಬೇರ್ಪಡಿಸುವುದಿಲ್ಲ. ಬಾಳೆ, ಮಾವು, ಸಪೋಟ, ಬೆಣ್ಣೆಹಣ್ಣಿನಂಥ ಮೆತ್ತನೆಯ ಹಣ್ಣಿಗೆ ಅದೇ ಸರಿ, ನಾರೂ ಉಳಿಯುತ್ತದೆ. ಇವನ್ನು ಜ್ಯೂಸರಿಗೆ ಹಾಕಿದರೆ ಜಾಲರಿ ಕಟ್ಟಿಕೊಳ್ಳುತ್ತದೆಯೇ ಹೊರತು ರಸ ಇಳಿಯದು. ಚಟ್ನಿ ರುಬ್ಬುವ ಮಿಕ್ಸಿ ಮನೆಯಲ್ಲಿದ್ದರೆ ಮಿಲ್ಕ್‌ಶೇಕಿಗೆ ಬೇರೆ ಯಂತ್ರವೇ ಬೇಡ.

ಕ್ಯಾರೆಟ್, ಬೀಟ್‌ರೂಟ್, ಸೇಬಿನ ತಿಳಿರಸಕ್ಕೆ ಜ್ಯೂಸರ್ ಬೇಕು. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಸೆಂಟ್ರಿಫ್ಯೂಗಲ್ ಜ್ಯೂಸರ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಾ ಹಣ್ಣನ್ನು ತುರಿದು, ರಸವನ್ನು ಜಾಲರಿಯಾಚೆ ಚಿಮ್ಮಿಸುತ್ತದೆ. ಕೆಲಸ ಬೇಗ, ಬೆಲೆ ಕಡಿಮೆ. ಸದ್ದು ಮತ್ತು ನೊರೆ ಜಾಸ್ತಿ. ಕೋಲ್ಡ್ ಪ್ರೆಸ್ ಯಂತ್ರದ ತಿರುಪು ನಿಮಿಷಕ್ಕೆ ಸುಮಾರು 40ರಿಂದ 100 ಸುತ್ತಷ್ಟೇ ತಿರುಗಿ, ಕಬ್ಬಿನ ಗಾಣದಂತೆ ಹಿಂಡುತ್ತದೆ. ಪುದೀನ, ಪಾಲಕ್‌ನಂಥ ಸೊಪ್ಪಿನಿಂದಲೂ ಚೆನ್ನಾಗಿ ರಸ ತೆಗೆಯುತ್ತದೆ. ಆದರೆ ದುಬಾರಿ, ನಿಧಾನ.

ಮೂಸಂಬಿ, ಕಿತ್ತಳೆ ಮಾತ್ರ ಸಾಕೆನ್ನುವವರಿಗೆ ಕೈಯಲ್ಲಿ ಹಿಂಡುವ ಸಣ್ಣ ಸಾಧನವೇ ಧಾರಾಳ.

ಕೊಳ್ಳುವ ಮುನ್ನ ಅಂಗಡಿಯಲ್ಲೇ ಭಾಗಗಳನ್ನು ಬಿಚ್ಚಿ ಜೋಡಿಸಿ ನೋಡುವುದು ಒಳ್ಳೆಯದು. ಜಾಲರಿಯಲ್ಲಿ ಸಿಕ್ಕಿಕೊಂಡ ನಾರು ಒಣಗಿದರೆ ಉಜ್ಜುವುದು ಕಷ್ಟ. ತೊಳೆಯುವ ಬೇಸರಕ್ಕೇ ಎಷ್ಟೋ ಯಂತ್ರಗಳು ಅಟ್ಟ ಸೇರುತ್ತವೆ.

ಜ್ಯೂಸರಿನಲ್ಲಿ ನಾರಿನ ಬಹುಪಾಲು ಹೊರಹೋಗಿ, ಸಕ್ಕರೆ ಲೋಟದಲ್ಲೇ ಉಳಿಯುತ್ತದೆ. ಹಾಗಾಗಿ ಮಧುಮೇಹಿಗಳು ರಸಕ್ಕಿಂತ ಇಡೀ ಹಣ್ಣು ತಿನ್ನುವುದೇ ಮೇಲು. ಸೋರೆಕಾಯಿ ರಸ ಕುಡಿಯುವವರು ಮೊದಲು ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಬೇಕು. ಕಹಿಯಿದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷಾಂಶ ಇರುತ್ತದೆ. ಅಂಥ ಕಾಯನ್ನು ಎಸೆಯಲೇಬೇಕು.