ಚಿಕ್ಕ ಅಂಗಡಿಯ ಋಣ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ಬೆಳೆಗಾರರಿಗೆ ಆಸರೆಯಾಗಿ 1923ರಲ್ಲಿ ಹುಟ್ಟಿದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಯು ಇಂದು ದೊಡ್ಡ ಸೂಪರ್ ಮಾರ್ಕೆಟನ್ನೂ ನಡೆಸುತ್ತಿದೆ. ಒಂದೇ ಸೂರಿನಡಿ ಹತ್ತಾರು ಸಾಮಗ್ರಿ, ನಿಗದಿತ ದರ, ರಸೀದಿ. ಇಂಥ ಮಳಿಗೆಯಿಂದ ಗ್ರಾಹಕರಿಗೆ ಹಿತವೇ ಎಂಬುದನ್ನು ನಾವು ಒಪ್ಪುತ್ತೇವೆ.

ಆದರೆ ಪೇಟೆಯ ಚಿಕ್ಕ ಹಾರ್ಡ್‌ವೇರ್ ಅಂಗಡಿಯವರು ನಾಲ್ಕೇ ಮೊಳೆಯನ್ನೂ ಎಣಿಸಿ ಕೊಡುತ್ತಾರೆ. ಸವೆದ ವಾಷರ್ ಕಂಡೊಡನೆ ಅಳತೆ ಹೇಳುತ್ತಾರೆ. ಕೊಳೆರೋಗದ ಮಳೆಗಾಲದಲ್ಲಿ ಸಿಂಪಡಣೆಯ ಪೈಪನ್ನು ಕಡ ಕೊಟ್ಟು, ಅಡಿಕೆ ಮಾರುವವರೆಗೂ ಕಾಯುತ್ತಾರೆ. ಆ ತಿಂಗಳುಗಳಲ್ಲಿ ಅವರ ಬಂಡವಾಳವು ನಮ್ಮ ತೋಟಗಳಲ್ಲಿರುತ್ತದೆ.

ನಗದಿಗೆ ದೊಡ್ಡ ಮಳಿಗೆ, ಕಡಕ್ಕೆ ಮಾತ್ರ ಚಿಕ್ಕ ಅಂಗಡಿ ಎಂಬುದು ನ್ಯಾಯವಲ್ಲ. ಎಲ್ಲಿ ಕೊಂಡರೂ ತಪ್ಪಿಲ್ಲ. ಫಸಲಿನ ಹಣ ಬಂದೊಡನೆ ಹಳೆಯ ಬಾಕಿಯನ್ನು ಮೊದಲು ತೀರಿಸೋಣ. ಅಂಗಡಿಯೂ ಕಾಯಕವೇ. ಬಾಕಿ ಉಳಿಸಿಕೊಂಡು ಮಾಡಿದ ದಾಸೋಹವು ಪರರ ಹಣದ ದಾಸೋಹವಾದೀತು.